ಕೋರ್ಟಿಗೆ ಯಾವ ಅಂಗಿ?



ಬೈಕಿನ ಕೇಸಿಗೆ ಕೋರ್ಟಿಗೆ ಹೋಗುವಾಗ ಏನು ಹಾಕಬೇಕು? ಹೊಸ ಬಟ್ಟೆ ಬೇಡ. ಆದಿತ್ಯವಾರ ಬಲಿಪೂಜೆಗೆ ಹಾಕುವ, ಇಸ್ತ್ರಿ ಮಾಡಿದ ಅಂಗಿ-ಪ್ಯಾಂಟು ಸಾಕು, ಹುಡುಗಿಯರಿಗೆ ಚೂಡಿದಾರ. ಹರಿದ ಜೀನ್ಸ್, ತಲೆಯ ಮೇಲೆ ಕೂಲಿಂಗ್ ಗ್ಲಾಸ್ ಬೇಡ. ಮುಂಡು ಉಟ್ಟವರು ಮೇಲೆ ಕಟ್ಟಿದ್ದನ್ನು ಇಳಿಸಿಯೇ ಒಳಗೆ ಹೋಗಿ. ಹಿರಿಯರ ಎದುರು ನಮ್ಮ ಕಾಸರಗೋಡಿನಲ್ಲಿ ಅದೇ ಮರ್ಯಾದೆಯಲ್ಲವೇ?

ಒಳ್ಳೆಯ ಅಂಗಿ ಹಾಕಿದರೆ ದಂಡ ಕಡಿಮೆಯಾಗುವುದಿಲ್ಲ, ನಿಜ. ಆದರೆ ನಾವು ಬಾಯಿ ತೆರೆಯುವ ಮೊದಲೇ ಬಟ್ಟೆ ಮಾತಾಡುತ್ತದೆ: "ತಪ್ಪಾಯಿತು" ಎಂದೋ, "ಏನೀಗ?" ಎಂದೋ.

ಇನ್ನೊಂದು ಮಾತು. 18 ತುಂಬದ ಮಗ ಬೈಕ್ ಓಡಿಸಿ ಸಿಕ್ಕಿಬಿದ್ದರೆ ಆರೋಪಿಯಾಗಿ ನಿಲ್ಲಬೇಕಾದವರು ಹೆತ್ತವರು ಅಥವಾ ಗಾಡಿಯ ಮಾಲಕರು. 2019ರ ಕಾನೂನು ತಿದ್ದುಪಡಿಯಂತೆ 25,000 ರೂ. ದಂಡ, ಮೂರು ವರ್ಷದವರೆಗೆ ಜೈಲು. ಒಂದು ದಿನದ ಕೆಲಸ ಬಿಟ್ಟು, ಇದ್ದುದರಲ್ಲಿ ಒಳ್ಳೆಯ ಮುಂಡು ಉಟ್ಟು, ತಲೆ ತಗ್ಗಿಸಿ ನಿಂತ ಅಪ್ಪನನ್ನು ನೆನೆಸಿಕೊಳ್ಳಿ. ಅವರ ಜೊತೆ ಬಂದ ಮಗ ಹರಿದ ಜೀನ್ಸಿನಲ್ಲಿದ್ದರೆ ಅವರಿಗೆ ಹೇಗಾಗಬೇಡ?

ಆ ಮುಂಡನ್ನು ಅಪ್ಪ ಮದುವೆಗೆ, ಹಬ್ಬಕ್ಕೆ ಉಡಲಿ. ಲೈಸೆನ್ಸ್ ಸಿಗುವ ತನಕ ಬೈಕಿನ ಕೀ ಮುಟ್ಟಬೇಡಿ. ಸಿಕ್ಕಿದ ಮೇಲೆ ಹೆಲ್ಮೆಟ್ ಹಾಕದೆ ಹೊರಡಬೇಡಿ.