ಚಾಂದೋಲಿ ನೋಡೋಕೆ ಹೊರಟವರು ಇದನ್ನೂ ಓದಿ: ಕಾಡು ಉಳಿಯಿತು, ಊರುಗಳು ಎಲ್ಲಿಗೆ ಹೋದವು?

ಅಂಕಲಿ: ಮಕ್ಕಳ ಪರೀಕ್ಷೆ ಮುಗೀತು, ಕಬ್ಬಿನ ಹಂಗಾಮೂ ಮುಗೀತು. ರಜೆಗೆ ಗಾಡಿ ಮಾಡಿಕೊಂಡು ಎಲ್ಲಿಗೆ ಹೋಗೋದು ಅನ್ನೋ ಮಾತು ಈಗ ಮನೆಮನೆಯಲ್ಲಿ. ಪನ್ಹಾಳಾ, ಮಹಾಬಳೇಶ್ವರ, ಗೋವಾ ಎಲ್ಲರಿಗೂ ಗೊತ್ತಿರುವ ದಾರಿ. ಆದರೆ ಅಂಕಲಿಯಿಂದ ಮಿರಜ, ಸಾಂಗ್ಲಿ, ಶಿರಾಳ ಮೇಲೆ ಹೋದರೆ ಸುಮಾರು ನಾಲ್ಕು ತಾಸಿನೊಳಗೆ ಒಂದು ರಾಷ್ಟ್ರೀಯ ಉದ್ಯಾನವೇ ಸಿಗುತ್ತದೆ. ಅದೇ ಚಾಂದೋಲಿ.

2025ರ ನವೆಂಬರ್‌ನಲ್ಲಿ ತಾಡೋಬಾದಿಂದ ಒಂದು ಹೆಣ್ಣು ಹುಲಿಯನ್ನು ತಂದು ಇಲ್ಲಿ ಬಿಟ್ಟ ಮೇಲೆ ಈ ಕಾಡಿನ ಹೆಸರು ಮತ್ತೆ ಸುದ್ದಿಗೆ ಬಂತು. ಹುಲಿ ನೋಡೋ ಆಸೆ ತಪ್ಪಲ್ಲ. ಆದರೆ ಕೃಷ್ಣಾ ದಂಡೆಯ ಮಂದಿಗೆ ಚಾಂದೋಲಿ ಬರೀ ಹುಲಿಯ ಕಾಡಲ್ಲ.

ನಮ್ಮ ಹೊಳೆಯ ನೀರು ಅಲ್ಲಿಂದಲೇ

ಚಾಂದೋಲಿ ಕಾಡಿನ ನಡುವೆ ವಾರಣಾ ನದಿಯ ಜಲಾಶಯ ಇದೆ. ಸಾಮರ್ಥ್ಯ 34.40 ಟಿಎಂಸಿ. ಈ ವಾರಣಾ ಸಾಂಗ್ಲಿ ಹತ್ತಿರದ ಹರಿಪುರದಲ್ಲಿ ಕೃಷ್ಣೆಗೆ ಸೇರುತ್ತದೆ. ಮೇಲ್ಗಡೆ ಇರುವ ಕೊಯ್ನಾ ಜಲಾಶಯವೂ ಇದೇ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದ್ದು. ಪ್ರತಿ ಜುಲೈನಲ್ಲಿ ಕೊಯ್ನಾದಿಂದ ಎಷ್ಟು ಬಿಟ್ಟರು, ವಾರಣಾದಿಂದ ಎಷ್ಟು ಬಿಟ್ಟರು, ರಾಜಾಪುರ ಬ್ಯಾರೇಜಿನಲ್ಲಿ ಎಷ್ಟಿದೆ ಅಂತ ಮೊಬೈಲ್ ನೋಡುತ್ತಾ ಕೂರುವವರು ನಾವೇ. ಕಲ್ಲೋಳ–ಯಡೂರ ಸೇತುವೆ ಮುಳುಗುವುದೂ ಆ ಬೆಟ್ಟದ ಮಳೆಯಿಂದಲೇ.

ಕಾಡು ಇದ್ದರೆ ಪ್ರವಾಹವೇ ಬರೋದಿಲ್ಲ ಅಂತಲ್ಲ. 2005, 2019, 2021 ಮೂರನ್ನೂ ಈ ಭಾಗ ಕಂಡಿದೆ. ಆದರೆ ಕಾಡು ಹೋದರೆ ಗುಡ್ಡದ ಮಣ್ಣು ಕೊಚ್ಚಿ ಜಲಾಶಯ ಹೂಳು ತುಂಬುತ್ತದೆ, ಬೇಸಿಗೆಯಲ್ಲಿ ಹಳ್ಳಗಳು ಬೇಗ ಬತ್ತುತ್ತವೆ. ಆ ಕಾಡು ಉಳಿಯೋದರಲ್ಲಿ ಅಂಕಲಿಯ ಕಬ್ಬಿನ ಹೊಲಕ್ಕೂ, ಪೇಟೆಯ ಅಂಗಡಿಗೂ ಲಾಭ ಇದೆ.

ನೋಡೋಕೆ ಏನಿದೆ

ಉದ್ಯಾನದ ವಿಸ್ತೀರ್ಣ 317.67 ಚದರ ಕಿ.ಮೀ. ಸಾಂಗ್ಲಿ, ಸಾತಾರಾ, ಕೊಲ್ಹಾಪುರ, ರತ್ನಾಗಿರಿ ನಾಲ್ಕೂ ಜಿಲ್ಲೆಗಳಲ್ಲಿ ಹರಡಿದೆ. 1985ರಲ್ಲಿ ಅಭಯಾರಣ್ಯ, 2004ರಲ್ಲಿ ರಾಷ್ಟ್ರೀಯ ಉದ್ಯಾನ, 2010ರಲ್ಲಿ ಕೊಯ್ನಾ ಜೊತೆ ಸೇರಿ ಸಹ್ಯಾದ್ರಿ ಹುಲಿ ಸಂರಕ್ಷಿತ ಪ್ರದೇಶ. 2012ರಲ್ಲಿ ಪಶ್ಚಿಮ ಘಟ್ಟದ ವಿಶ್ವ ಪರಂಪರೆ ಪಟ್ಟಿಗೂ ಸೇರಿತು.

ಕಾಡುಕೋಣ, ಕಡವೆ, ಕರಡಿ, ಚಿರತೆ, ಸೀಳುನಾಯಿ, ಕೆಂಜಳಿಲು ಇಲ್ಲಿವೆ. ಬೆಟ್ಟದ ತಲೆಯ ಮೇಲೆ ಕೆಂಪು ಜಂಬಿಟ್ಟಿಗೆಯ ಬಯಲುಗಳಿವೆ. ಅಲ್ಲಿಯವರು ಅದಕ್ಕೆ ‘ಸಡಾ’ ಅಂತಾರೆ. ಮಳೆ ನಿಂತ ಮೇಲೆ ಈ ಸಡಾದ ತುಂಬ ಸಣ್ಣ ಸಣ್ಣ ಹೂವು. ದಾರಿಯಲ್ಲಿ ಸಿಗುವ ಶಿರಾಳವೇ ನಾಗರ ಪಂಚಮಿಗೆ ಹೆಸರಾದ ಬತ್ತೀಸ ಶಿರಾಳ. ಜೀವಂತ ನಾಗರಹಾವು ಹಿಡಿದು ಪೂಜೆ ಮಾಡುತ್ತಿದ್ದ ಪದ್ಧತಿಗೆ ವನ್ಯಜೀವಿ ಕಾಯ್ದೆಯ ಮೇಲೆ ಹೈಕೋರ್ಟ್ ತಡೆ ಹಾಕಿದ ಮೇಲೆ ಆ ಊರಿನ ಹಬ್ಬದ ರೂಪವೇ ಬದಲಾಯಿತು.

ಊರಿನ ಹೆಸರಿದೆ, ಊರಿಲ್ಲ

ಪ್ರವಾಸಿಗಳು ಹೋಗುವ ಒಂದು ಜಾಗ ಝೋಳಂಬಿ ಸಡಾ. ಝೋಳಂಬಿ ಅನ್ನೋದು ಒಂದು ಊರಿನ ಹೆಸರು. ಈಗ ಹೆಸರಷ್ಟೇ ಉಳಿದಿದೆ. ಮೊದಲು ಜಲಾಶಯಕ್ಕೆ, ಆಮೇಲೆ ಅಭಯಾರಣ್ಯಕ್ಕೆ ಅಂತ ಇಲ್ಲಿಯ ಹತ್ತಾರು ಊರುಗಳನ್ನು ಎಬ್ಬಿಸಿ ಕೆಳಗಿನ ಬಯಲುಸೀಮೆಗೆ ಕಳಿಸಲಾಯಿತು. ಕಾಡಿಗೆ ಅದರಿಂದ ಒಳ್ಳೇದಾಗಿದೆ, ಸುಳ್ಳಲ್ಲ. ಹೊಲ, ಮನೆ ಇದ್ದ ಜಾಗದಲ್ಲಿ ಇವತ್ತು ಹುಲ್ಲು ಬೆಳೆದು ಕಾಡುಕೋಣ ಮೇಯುತ್ತವೆ. ಎದ್ದು ಹೋದವರು ಮಾತ್ರ ಹೇಳಿದ ಜಮೀನು ಪೂರ್ತಿ ಸಿಕ್ಕಿಲ್ಲ, ನೀರು-ರಸ್ತೆ ಆಗಿಲ್ಲ ಅಂತ ಭಾರತ ಪಾಟಣಕರ ಅವರ ಶ್ರಮಿಕ ಮುಕ್ತಿ ದಳದ ಜೊತೆ ವರ್ಷಗಟ್ಟಲೆ ಧರಣಿ ಕೂತರು.

ಇದರ ನೋವು ಕೃಷ್ಣಾ ದಂಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಪ್ರವಾಹ ಬಂದಾಗಲೆಲ್ಲ ‘ಊರು ಎತ್ತರಕ್ಕೆ ಹೋಗಲಿ’ ಅನ್ನೋ ಮಾತು ಬರುತ್ತದೆ. ಮನೆ ಒಂದು ಕಡೆ, ಹೊಲ ಒಂದು ಕಡೆ, ದನ ಕಟ್ಟೋಕೆ ಜಾಗ ಇಲ್ಲ ಅಂತ ಎಷ್ಟೋ ಮಂದಿ ಹಳೇ ಊರಿಗೇ ವಾಪಸ್ ಬಂದದ್ದೂ ಗೊತ್ತಿರೋದೇ.

ಈಗ ಸರದಿ ನಮ್ಮ ಜಿಲ್ಲೆಯದು

ಚಾಂದೋಲಿಯಲ್ಲಿ ಆಗಿ ಮುಗಿದದ್ದು ಈಗ ಬೆಳಗಾವಿ ಜಿಲ್ಲೆಯಲ್ಲೇ ಶುರುವಾಗಿದೆ. ಖಾನಾಪುರ ತಾಲೂಕಿನ ಭೀಮಗಡ 2011ರಲ್ಲಿ ವನ್ಯಜೀವಿ ಧಾಮವಾಯಿತು. ಸುಮಾರು 190 ಚದರ ಕಿ.ಮೀ. ಮಹದಾಯಿ ಹುಟ್ಟುವ ಕಾಡು, ಅಪರೂಪದ ಬಾವಲಿಗಳಿರುವ ಬಾರಾಪೇಡೆ ಗುಹೆ ಇರುವ ಕಾಡು ಇದೇ. ಸಹ್ಯಾದ್ರಿಯಲ್ಲಿ 2018ರಲ್ಲಿ ಕ್ಯಾಮೆರಾಗೆ ಸಿಕ್ಕ ಹುಲಿಯೊಂದು 2020ರಲ್ಲಿ ನಮ್ಮ ಕಾಳಿ ಕಾಡಿನಲ್ಲಿ ಸಿಕ್ಕಿತ್ತು. ಈ ಎರಡು ಕಾಡುಗಳ ನಡುವೆ ಇರುವುದು ಭೀಮಗಡ.

ಈ ಕಾಡಿನೊಳಗೆ ಇನ್ನೂ ಊರುಗಳಿವೆ. 2024ರ ಜುಲೈನಲ್ಲಿ ಅಮಗಾಂವದ ಮಹಿಳೆಯೊಬ್ಬರಿಗೆ ಹುಷಾರು ತಪ್ಪಿದಾಗ ಮಳೆಯಲ್ಲಿ ಊರವರೇ ಕಿಲೋಮೀಟರುಗಟ್ಟಲೆ ಹೊತ್ತು ತಂದರು. ಆಮೇಲೆ ಸ್ಥಳಾಂತರದ ಮಾತು ಜೋರಾಯಿತು. 2025ರ ಮೇ ತಿಂಗಳಲ್ಲಿ ತಳೇವಾಡಿಯ 27 ಕುಟುಂಬಗಳಿಗೆ ಪರಿಹಾರದ ಮೊದಲ ಕಂತು ತಲಾ 10 ಲಕ್ಷ ರೂ. ಕೊಡಲಾಯಿತು. ಒಟ್ಟು ಪರಿಹಾರ 15 ಲಕ್ಷ ರೂ.

ರಸ್ತೆ, ಕರೆಂಟು, ದವಾಖಾನೆ ಇಲ್ಲದ ಕಡೆ ಇರಿ ಅಂತ ಯಾರಿಗೂ ಹೇಳೋಕೆ ಬರೋದಿಲ್ಲ. ಆದರೆ 15 ಲಕ್ಷಕ್ಕೆ ಇವತ್ತು ಖಾನಾಪುರ, ಬೆಳಗಾವಿ ಹತ್ತಿರ ಎಷ್ಟು ಗುಂಟೆ ಬರುತ್ತದೆ ಅನ್ನೋ ಲೆಕ್ಕವನ್ನು ಯಾವ ಅಂಗಡಿಯವರೂ ಹಾಕಬಲ್ಲರು. ಮನೆ ಕಟ್ಟಿದರೆ ಹೊಲಕ್ಕಿಲ್ಲ, ಹೊಲ ಕೊಂಡರೆ ಮನೆಗಿಲ್ಲ. ಎಮ್ಮೆ ಸಾಕಿಕೊಂಡು ಬಂದವರಿಗೆ ಪೇಟೆ ಪಕ್ಕದಲ್ಲಿ ಮೇವಿನ ಜಾಗ ಎಲ್ಲಿಂದ ಬರಬೇಕು?

ಇನ್ನೊಂದು ದಾರಿ ಇದೆಯಾ?

ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಡೆ ನೋಡಬಹುದು. ಅಲ್ಲಿಯೂ ಪರಿಹಾರ ತಗೊಂಡು ಹೊರಗೆ ಬಂದ ಕುಟುಂಬಗಳಿವೆ. ಉಳಿದವರಲ್ಲಿ ಕೆಲವರು ಮುಳ್ಳೋಡಿಯಲ್ಲಿ ಹೋಮ್‌ಸ್ಟೇ ನಡೆಸುತ್ತಾರೆ, ಜೀಪು ಓಡಿಸುತ್ತಾರೆ, ಬೆಟ್ಟ ಹತ್ತುವವರಿಗೆ ಊಟ ಹಾಕುತ್ತಾರೆ. ಜನ ಮಿತಿ ಮೀರಿದಾಗ 2024ರಲ್ಲಿ ಸರ್ಕಾರವೇ ಚಾರಣಕ್ಕೆ ದಿನಕ್ಕೆ 300 ಮಂದಿ ಅಂತ ಮಿತಿ ಹಾಕಿ ಆನ್‌ಲೈನ್ ಬುಕಿಂಗ್ ಮಾಡಿತು. ಅಂದರೆ ಕಾಡು, ಊರು, ಪ್ರವಾಸಿ ಮೂರನ್ನೂ ಒಂದು ಲೆಕ್ಕದಲ್ಲಿ ಇಡೋದು ಸುಲಭ ಅಲ್ಲ, ಆಗದ ಕೆಲಸವೂ ಅಲ್ಲ.

ಭೀಮಗಡದಲ್ಲಿ ಹೋಗುವವರು ಹೋಗಲಿ, ಆದರೆ ಒಪ್ಪಿಗೆಯಿಂದ. 2006ರ ಅರಣ್ಯ ಹಕ್ಕು ಕಾಯ್ದೆ ಗ್ರಾಮಸಭೆಯ ಒಪ್ಪಿಗೆ ಕೇಳುತ್ತದೆ. ಹಣದ ಜೊತೆ ಜಮೀನು ಕೊಡಬೇಕು. ನಾಳೆ ಅಲ್ಲಿ ಸಫಾರಿ, ಚಾರಣ ಅಂತ ಬಂದರೆ ಗೈಡು, ಡ್ರೈವರು, ಕಾವಲುಗಾರರ ಕೆಲಸ ಮೊದಲು ಆ ಊರಿನ ಹುಡುಗರಿಗೇ ಸಿಗಬೇಕು. ಊರ ದೇವರ ಜಾತ್ರೆಗೆ ವರ್ಷಕ್ಕೊಮ್ಮೆ ಒಳಗೆ ಹೋಗೋ ಹಕ್ಕೂ ಕಾಗದದ ಮೇಲೆ ಇರಬೇಕು. ಚಾಂದೋಲಿಯವರು ಎದ್ದ ಮೇಲೆ ಕೇಳಿದ್ದನ್ನು ಭೀಮಗಡದವರು ಏಳುವ ಮುಂಚೆ ಬರೆಸಿಕೊಳ್ಳಬೇಕು.

ಹೋಗುವವರಿಗೆ

ಮಳೆಗಾಲದಲ್ಲಿ ಚಾಂದೋಲಿ ಮುಚ್ಚಿರುತ್ತದೆ, ಹೊರಡುವ ಮುಂಚೆ ವಿಚಾರಿಸಿಕೊಳ್ಳಿ. ಎಲ್ಲರ ಗುರುತಿನ ಚೀಟಿ ಇರಲಿ. ಊಟ, ನೀರು ಜೊತೆಗಿರಲಿ, ಪ್ಲಾಸ್ಟಿಕ್ ವಾಪಸ್ ತನ್ನಿ. ಅಲ್ಲಿಯದೇ ಗೈಡ್ ಮಾಡಿಕೊಂಡರೆ ನಾಲ್ಕು ದುಡ್ಡು ಅಲ್ಲಿಯವರಿಗೆ ಸಿಗುತ್ತದೆ. ಝೋಳಂಬಿಯಲ್ಲಿ ನಿಂತಾಗ ಇಲ್ಲಿದ್ದ ಮಂದಿ ಈಗ ಎಲ್ಲಿದ್ದಾರೆ ಅಂತ ಗೈಡನ್ನೇ ಕೇಳಿ ನೋಡಿ.