ನಾಲ್ಕನೆಯ ಇಯತ್ತೆಯ ಮಕ್ಕಳು ಜೋಳದ ಕಾಳು ಎಣಿಸುವುದೇಕೆ?



"ಸಾಲೀಗೆ ಕಳಸಿದ್ದು ಅಕ್ಷರ ಕಲೀಲಿ ಅಂತ, ಜ್ವಾಳ ಎಣಸಾಕ ಮನ್ಯಾಗ ಜಾಗಾ ಇಲ್ಲೇನು ಗುರೂಜಿ?" ಎಂದು ಕೇಳುವ ಪಾಲಕರು ನಮ್ಮ ಜತ್ತ ತಾಲೂಕಿನ ಪೂರ್ವ ಭಾಗದ ಹಳ್ಳಿಗಳಲ್ಲಿ ಇದ್ದಾರೆ. ಕೇಳುವುದು ತಪ್ಪಲ್ಲ. ಮಕ್ಕಳನ್ನು ಶಾಲೆಗೆ ಕಳಿಸಿದವರಿಗೆ, ಅಲ್ಲಿ ದಿನವೆಲ್ಲ ಏನು ನಡೆಯುತ್ತದೆಂದು ತಿಳಿಯುವ ಹಕ್ಕು ಇದ್ದೇ ಇದೆ. ಹಗಲು ಕನ್ನಡ ಶಾಲೆಯಲ್ಲಿ ಪಾಠ ಹೇಳಿ, ಉಳಿದ ಹೊತ್ತು ನಾಲ್ಕು ಎಕರೆ ಎರೆ ಹೊಲದಲ್ಲಿ ಕಳೆಯುವ ನಾವು, ಈ ಪ್ರಶ್ನೆಗೆ ಪಾಲಕರ ಸಭೆಯಲ್ಲಿ ಉತ್ತರ ಹೇಳಿದ್ದೇವೆ. ಆದರೆ ವಿಷಯವು ಶಾಲೆಗೆ ಎಷ್ಟು ಸೇರಿದ್ದೋ ಒಕ್ಕಲುತನಕ್ಕೂ ಅಷ್ಟೇ ಸೇರಿದ್ದು. ಆದುದರಿಂದ ಈ ಪುಟದಲ್ಲಿಯೂ ಅರಿಕೆ ಮಾಡುತ್ತಿದ್ದೇವೆ.

ನಮ್ಮ ನಾಲ್ಕನೆಯ ಇಯತ್ತೆಯಲ್ಲಿ ಹದಿನೇಳು ಮಕ್ಕಳಿದ್ದಾರೆ. ಅವರ ಕೈಯಲ್ಲಿರುವುದು ಪುಣೆಯ ಬಾಲಭಾರತಿಯವರು ಕನ್ನಡದಲ್ಲಿ ಅಚ್ಚು ಹಾಕಿದ ಪುಸ್ತಕಗಳೇ. ಗಣಿತದಲ್ಲಿ ಗುಣಾಕಾರ, ಭಾಗಾಕಾರ, ಅಳತೆ, ಅಪೂರ್ಣಾಂಕ. ಪರಿಸರ ಅಭ್ಯಾಸದಲ್ಲಿ ನೀರು, ಆಹಾರ, ಗಿಡಮರ. ಇದರಲ್ಲಿ ಒಂದನ್ನೂ ನಾವು ಬಿಟ್ಟಿಲ್ಲ. ಅಧ್ಯಾಪಕ ತರಬೇತಿಯಲ್ಲಿ ಮೊದಲು ಕಲಿಸುವ ಸೂತ್ರವೆಂದರೆ, ತಿಳಿದುದರಿಂದ ತಿಳಿಯದುದರ ಕಡೆಗೆ ಮಗುವನ್ನು ನಡೆಸಬೇಕು ಎಂಬುದು. ನಮ್ಮ ಮಕ್ಕಳಿಗೆ ತಿಳಿದದ್ದು ಹೊಲ, ದನ, ಮಳೆ. ತಿಳಿಯದ್ದು ಶೇಕಡಾ ಲೆಕ್ಕ, ಲೀಟರು, ಮಿಲಿಮೀಟರು. ಇವೆರಡನ್ನು ಕೂಡಿಸುವುದಷ್ಟೇ ನಾವು ಮಾಡುತ್ತಿರುವ ಕೆಲಸ.

ಮೊದಲನೆಯದು ಬೀಜದ ಪರೀಕ್ಷೆ. ಹಿಂಗಾರಿಯ ಬಿತ್ತಿಗೆ ಬರುವ ಮುಂಚೆ ಮಕ್ಕಳು ತಮ್ಮ ತಮ್ಮ ಮನೆಯಲ್ಲಿ ಕಾಯ್ದಿಟ್ಟ ಜೋಳದ ಬೀಜ ತಂದರು. ಅಂಗಡಿಯ ಬಣ್ಣ ಹಚ್ಚಿದ ಬೀಜಕ್ಕೆ ಔಷಧ ಲೇಪಿಸಿರುತ್ತಾರಾದ್ದರಿಂದ ಅದನ್ನು ಮಕ್ಕಳ ಕೈಗೆ ಕೊಡಬಾರದೆಂದು ಮೊದಲೇ ಹೇಳಿ ಕಳಿಸಿದ್ದೆವು. ಚೀಲದ ಮೇಲಿನಿಂದ, ನಡುವಿನಿಂದ, ತಳದಿಂದ ಒಂದೊಂದು ಹಿಡಿ ತೆಗೆದು ಕಲಸಿ, ದಪ್ಪ ಕಾಳು ಸಣ್ಣ ಕಾಳು ಎಂದು ಆರಿಸದೆ ನೂರು ಕಾಳು ಎಣಿಸಬೇಕು. ತೋಯಿಸಿ ಹಿಂಡಿದ ಗೋಣಿತಾಟಿನ ಮೇಲೆ ಹತ್ತು ಸಾಲು, ಸಾಲಿಗೆ ಹತ್ತರಂತೆ ಇಟ್ಟು, ಸುರುಳಿ ಸುತ್ತಿ ನೆರಳಿನಲ್ಲಿಡಬೇಕು. ದಿನಕ್ಕೆರಡು ಸಲ ನೀರು ಚಿಮುಕಿಸಬೇಕು. ಐದನೆಯ ದಿನ ಬಿಚ್ಚಿ, ಬೇರು ಮತ್ತು ಚಿಗುರು ಎರಡೂ ಸರಿಯಾಗಿ ಬಂದ ಕಾಳುಗಳನ್ನು ಎಣಿಸಬೇಕು. ನೂರಕ್ಕೆ ಎಷ್ಟು ಮೊಳೆತವೋ ಅದೇ ಶೇಕಡಾ. ಶೇಕಡಾ ಎಂದರೇನೆಂದು ಕಪ್ಪು ಹಲಗೆಯ ಮೇಲೆ ಒಂದು ವಾರ ಹೇಳಿದರೂ ಹತ್ತದ ಪಾಠ, ತಾಟು ಬಿಚ್ಚಿದ ದಿನ ಒಂದು ಗಳಿಗೆಯಲ್ಲಿ ಹತ್ತಿತು.

ಒಂದು ಮನೆಯ ಬೀಜ ನೂರಕ್ಕೆ ೮೮ ಮೊಳೆತರೆ, ಇನ್ನೊಂದು ಮನೆಯದು ೫೧ ಮಾತ್ರ ಮೊಳೆಯಿತು. ಎರಡೂ ಮಾಲದಂಡಿಯೇ, ನಮ್ಮ ನೆರೆಯ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ಆಯ್ದು ತೆಗೆದ ಹಳೆಯ ತಳಿ. ಹಾಗಾದರೆ ಅಂತರವೇಕೆ? ಮಕ್ಕಳೇ ಮನೆಗೆ ಹೋಗಿ ಕೇಳಿಕೊಂಡು ಬಂದರು. ಮೊದಲನೆಯದನ್ನು ಅಜ್ಜಿ ಚೆನ್ನಾಗಿ ಒಣಗಿಸಿ, ಬೂದಿ ಮತ್ತು ಬೇವಿನ ಸೊಪ್ಪು ಹಾಕಿ ಗಡಿಗೆಯಲ್ಲಿ ಇಟ್ಟಿದ್ದಳು. ಎರಡನೆಯದು ಪ್ಲಾಸ್ಟಿಕ್ ಚೀಲದಲ್ಲಿ ಹಸಿ ನೆಲದ ಮೇಲೆ ಮಳೆಗಾಲವೆಲ್ಲ ಬಿದ್ದಿತ್ತು. ಬೆಳೆಯ ಸಿರಿ ಮೊಳಕೆಯಲ್ಲಿ ಎಂದು ನಾವೆಲ್ಲ ಬಾಯಿಮಾತಿಗೆ ಹೇಳುತ್ತೇವೆ. ಬಿತ್ತುವ ಮುಂಚೆ ಮೊಳಕೆಯನ್ನು ಎಣಿಸಿ ನೋಡುವವರೆಷ್ಟು ಮಂದಿ?

ಲೆಕ್ಕ ಅಲ್ಲಿಗೆ ಮುಗಿಯಲಿಲ್ಲ. ಹಿಂಗಾರಿ ಜೋಳಕ್ಕೆ ಎಕರೆಗೆ ಸುಮಾರು ೪ ಕಿಲೋ ಬೀಜ ಸಾಕು. ಶೇಕಡಾ ೮೦ ಮೊಳೆಯುವ ಬೀಜ ೪ ಕಿಲೋ ಬೇಕಾದರೆ, ಶೇಕಡಾ ೬೦ ಮೊಳೆಯುವುದು ಎಷ್ಟು ಬೇಕು? ಹಲಗೆಯ ಮೇಲೆ ನಾವು ದಾರಿ ತೋರಿಸಿದೆವು, ಮಕ್ಕಳು ಗುಣಿಸಿ ಭಾಗಿಸಿ ೫ ಕಿಲೋ ಮೇಲೆ ಮೂರನೆಯ ಒಂದು ಭಾಗ ಎಂದು ಉತ್ತರ ತೆಗೆದರು. ಪ್ರಮಾಣಿತ ಜೋಳದ ಬೀಜ ಕಡೇ ಪಕ್ಷ ನೂರಕ್ಕೆ ೭೫ ಮೊಳೆಯಬೇಕೆಂದು ಸರಕಾರದ ನಿಯಮವಿದೆ ಎಂದೂ ತಿಳಿದುಕೊಂಡರು. ೫೧ರ ಬೀಜದ ಮನೆಯವರು ಮಗಳ ಮಾತು ಕೇಳಿ ಬೇರೆ ಬೀಜ ತಂದರು. ನಮ್ಮ ಕಡೆ ಹಿಂಗಾರಿಗೆ ಹದ ಸಿಗುವುದು ಒಂದೇ ಸಲ. ತಪ್ಪಿದರೆ ಆ ವರ್ಷ ಕಾಳೂ ಇಲ್ಲ, ದನಕ್ಕೆ ಕಣಿಕೆಯೂ ಇಲ್ಲ. ಹತ್ತು ವರ್ಷದ ಹುಡುಗಿಯ ಎಣಿಕೆ ಆ ಮನೆಗೆ ಎಷ್ಟು ಬೆಲೆಯದೆಂದು ಓದುಗರೇ ಅಳೆಯಲಿ.

ಎರಡನೆಯದು ಮಳೆಯ ಪುಸ್ತಕ. ಬಾಯಿ ಮತ್ತು ತಳ ಒಂದೇ ಅಗಲವಿರುವ ಡಬ್ಬಿಯನ್ನು ಗಿಡದ ನೆರಳಿಲ್ಲದ ಬಯಲಲ್ಲಿ ನೆಟ್ಟಿದ್ದೇವೆ. ಹವಾಮಾನ ಇಲಾಖೆಯವರು ಅಳೆಯುವ ಹೊತ್ತಿಗೇ, ಮುಂಜಾನೆ ಎಂಟೂವರೆಗೆ, ಪಾಳಿಯ ಮಗು ಪಟ್ಟಿ ಇಳಿಸಿ ನೀರು ಅಳೆದು ಬರೆಯುತ್ತದೆ. "ಗುರೂಜಿ, ಅಗಲ ಡಬ್ಬಿಯೊಳಗ ಹೆಚ್ಚು ನೀರು ಬೀಳತಾವಲ್ಲ, ಮಳಿ ಹೆಚ್ಚಾದಂಗ ಆಗೂದಿಲ್ಲೇನು?" ಎಂದು ಒಬ್ಬ ಹುಡುಗ ಕೇಳಿದ. ಬಾಯಿಯಿಂದ ಉತ್ತರ ಹೇಳದೆ ಅಗಲದ್ದೊಂದು, ಸಣ್ಣದೊಂದು ಡಬ್ಬಿಗಳನ್ನು ಪಕ್ಕಪಕ್ಕದಲ್ಲಿ ಇಡಿಸಿದೆವು. ಮುಂದಿನ ಮಳೆಗೆ ಎರಡರಲ್ಲೂ ನೀರಿನ ಎತ್ತರ ಒಂದೇ ಬಂದಿತು. ಅಂದಿನಿಂದ ಆ ಹುಡುಗ ಮಳೆಯ ಪುಸ್ತಕವನ್ನು ಯಾರ ಕೈಗೂ ಬಿಟ್ಟುಕೊಡಲೊಲ್ಲ.

ಪುಸ್ತಕದಲ್ಲಿ ಮನೆಗಳನ್ನು ತಿಂಗಳ ಲೆಕ್ಕಕ್ಕೆ ಹಾಕಿಲ್ಲ, ಮಳೆಯ ಲೆಕ್ಕಕ್ಕೆ ಹಾಕಿದ್ದೇವೆ: ರೋಹಿಣಿಯಿಂದ ಸ್ವಾತಿಯವರೆಗೆ ಹನ್ನೆರಡು. ಶಾಲೆ ಜೂನ್ ನಡುವಿಗೆ ತೆರೆಯುವುದರಿಂದ ರೋಹಿಣಿಯ ಮನೆ ಖಾಲಿ. ಉಳಿದವುಗಳಲ್ಲಿ ಯಾವ ಮಳೆ ಎಷ್ಟು ಕೊಟ್ಟಿತು, ಯಾವುದು ಬರಿ ಮೋಡ ತೋರಿಸಿ ಹೋಯಿತು ಎಂಬುದು ಅಂಕಿಯಲ್ಲಿದೆ. "ಮಳೆಯೇ ಆಗಲಿಲ್ಲ" ಎಂಬ ಮಾತಿಗೂ "ಮಘೆಯಲ್ಲಿ ಇಷ್ಟೇ ಆಯಿತು" ಎಂಬ ಮಾತಿಗೂ ವ್ಯತ್ಯಾಸವಿದೆ. ಹತ್ತು ವರ್ಷ ಹೀಗೆ ಬರೆದಿಟ್ಟರೆ, ಯಾವ ಹೊತ್ತಿಗೆ ಕೂರಿಗೆ ಹೂಡಬೇಕೆಂಬ ಮಾತಿಗೆ ಊರಿನದೇ ಆಧಾರ ಸಿಕ್ಕೀತು.

ಮಕ್ಕಳಿಗೆ ಹೆಚ್ಚು ಸೋಜಿಗವಾದ ಲೆಕ್ಕ ಇನ್ನೊಂದು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರು ನೀರು. ಗುಂಟೆ ಎಂದರೆ ಸುಮಾರು ನೂರು ಚದರ ಮೀಟರ್. ಹಾಗಾದರೆ ಗುಂಟೆಗೆ ನೂರು ಲೀಟರು, ನಲವತ್ತು ಗುಂಟೆಯ ಎಕರೆಗೆ ನಾಲ್ಕು ಸಾವಿರ. ಒಂದು ದಿನ ಡಬ್ಬಿಯಲ್ಲಿ ೨೫ ಮಿಲಿಮೀಟರ್ ನಿಂತಿತ್ತು. ಗುಣಿಸಿದರೆ ಎಕರೆಗೆ ಒಂದು ಲಕ್ಷ ಲೀಟರು! ಹತ್ತು ಸಾವಿರ ಲೀಟರಿನ ಟ್ಯಾಂಕರು ಹತ್ತು. ಬೇಸಿಗೆಯಲ್ಲಿ ಟ್ಯಾಂಕರಿನ ಮುಂದೆ ಕೊಡ ಹಿಡಿದು ಪಾಳಿ ಹಚ್ಚಿದ ಮಕ್ಕಳು ಈ ಅಂಕಿಯನ್ನು ನೋಡಿ ಸುಮ್ಮನಾದರು. ಆಮೇಲೆ ಒಬ್ಬಳು ಕೇಳಿದಳು: "ಅಷ್ಟು ನೀರು ಎಲ್ಲಿಗಿ ಹೋತು?" ಮರುದಿನ ಅವರನ್ನು ಶಾಲೆಯ ಹಿಂದಿನ ಹಳ್ಳಕ್ಕೆ ಕರೆದೊಯ್ದೆವು. ಒಡ್ಡು ಕಟ್ಟಿ, ಇಳಿಜಾರಿಗೆ ಅಡ್ಡಲಾಗಿ ಹರಗಿದ ಹೊಲದಲ್ಲಿ ಹಸಿ ಎಷ್ಟು ಆಳ ಇಳಿದಿದೆ, ಒಡ್ಡು ಒಡೆದ ಹೊಲದಲ್ಲಿ ಎಷ್ಟು ಎಂದು ಗೇಣು ಹಾಕಿ ನೋಡಿದರು. ಹಳ್ಳದ ಕೆಂಪು ನೀರಿನಲ್ಲಿ ಹೋಗುತ್ತಿದ್ದುದು ಬರಿ ನೀರಲ್ಲ, ಯಾರದೋ ಹೊಲದ ಮೇಲ್ಮಣ್ಣು ಎಂಬುದನ್ನು ಬೇರೆ ಹೇಳಿಕೊಡಬೇಕಾಗಲಿಲ್ಲ.

ಮೂರನೆಯದು ಚೀಲ ಮತ್ತು ಡಬ್ಬಿಗಳ ಮೇಲಿನ ಬರಹ ಓದುವುದು. ೨೦೧೮ರಿಂದ ಯೂರಿಯಾ ಚೀಲ ೪೫ ಕಿಲೋದ್ದು. ಈಗಲೂ ಅದನ್ನು ೫೦ ಎಂದೇ ಹಿಡಿದು ಗೊಬ್ಬರ ಹಂಚುವ ಮನೆಗಳಿವೆ ಎಂದು ಮಕ್ಕಳು ಕಂಡುಹಿಡಿದರು. ಕೀಟನಾಶಕದ ಡಬ್ಬಿಯನ್ನು ಮುಟ್ಟಿಸದೆ, ಅದರ ಗುರುತನ್ನು ಹಲಗೆಯ ಮೇಲೆ ಬರೆದು ತೋರಿಸಿದೆವು. ಕೆಂಪು ಬಣ್ಣ ಅತಿ ಘೋರ ವಿಷ, ಆಮೇಲೆ ಹಳದಿ, ಆಮೇಲೆ ನೀಲಿ, ಕೊನೆಗೆ ಹಸಿರು. ಹಸಿರೆಂದರೆ ವಿಷವೇ ಅಲ್ಲವೆಂದು ತಿಳಿಯಬಾರದು. ಖಾಲಿ ಡಬ್ಬಿಯಲ್ಲಿ ನೀರಾಗಲಿ ಎಣ್ಣೆಯಾಗಲಿ ತುಂಬಬಾರದು. ಈ ಒಂದು ಪಾಠ ಮನೆ ಮುಟ್ಟಿದರೂ ಶಾಲೆ ಇಟ್ಟದ್ದು ಸಾರ್ಥಕ.

ಇವೆಲ್ಲದರ ಜೊತೆಗೆ ಒಂದು ಶಬ್ದದ ವಹಿಯೂ ಇದೆ. ಕೂರಿಗೆಯ ಬಟ್ಟಲು, ತಾಳು, ಈಸು, ಕುಂಟೆಯ ಕುಡ, ಎಡೆ ಹೊಡೆಯುವುದು, ಅಕ್ಕಡಿ ಬಿತ್ತುವುದು, ಸೂಡು, ಬಣವೆ. ಅಜ್ಜ ಅಜ್ಜಿಯರನ್ನು ಕೇಳಿ ಮಕ್ಕಳು ಬರೆದು ತರುತ್ತಾರೆ. ಎದುರಿಗೆ ಅದರ ಮರಾಠಿ ಮಾತನ್ನೂ ಬರೆಸುತ್ತೇವೆ. ಏಕೆಂದರೆ ಹೊಲದ ಸಾತಬಾರಾ ಉತಾರೆ ಮರಾಠಿಯಲ್ಲಿ, ಬ್ಯಾಂಕಿನ ಅರ್ಜಿ ಮರಾಠಿಯಲ್ಲಿ. ರಾಜ್ಯದ ಭಾಷೆಯನ್ನು ನಮ್ಮ ಮಕ್ಕಳು ಚೆನ್ನಾಗಿ ಕಲಿಯಲೇಬೇಕು. ಆದರೆ ಮೊದಲ ವಿಚಾರ ಹುಟ್ಟುವುದು ಮನೆಯ ಮಾತಿನಲ್ಲಿ. ಮೇಲೆ ಹೇಳಿದ ಎರಡು ಪ್ರಶ್ನೆಗಳನ್ನು ಆ ಮಕ್ಕಳು ಇನ್ನೊಂದು ಭಾಷೆಯಲ್ಲಿ ಕೇಳಬೇಕಾಗಿದ್ದರೆ, ಬಹುಶಃ ಕೇಳುತ್ತಲೇ ಇರಲಿಲ್ಲ. ೧೯೫೬ರಲ್ಲಿ ಸಂವಿಧಾನಕ್ಕೆ ಸೇರಿದ ೩೫೦ಎ ಕಲಮು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣ ತಾಯ್ನುಡಿಯಲ್ಲಿ ಸಿಗುವಂತೆ ಅನುಕೂಲ ಮಾಡಬೇಕೆನ್ನುತ್ತದೆ. ೨೦೦೯ರ ಶಿಕ್ಷಣ ಹಕ್ಕಿನ ಕಾಯದೆಯೂ ಸಾಧ್ಯವಾದ ಮಟ್ಟಿಗೆ ತಾಯ್ನುಡಿಯಲ್ಲಿಯೇ ಕಲಿಸಬೇಕೆನ್ನುತ್ತದೆ. ಕಾಯದೆ ಬಾಗಿಲು ತೆರೆಯಬಲ್ಲದು, ಒಳಗೆ ಕೂಡಿಸುವ ಮಕ್ಕಳನ್ನು ನಾವೇ ಕಳಿಸಬೇಕು. ೨೦೨೩ರಲ್ಲಿ ಇಪ್ಪತ್ತಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗಳನ್ನು ಕೂಡಿಸಿಬಿಡುವ ಆಲೋಚನೆ ರಾಜ್ಯದಲ್ಲಿ ಎದ್ದಿತ್ತೆಂಬುದನ್ನು ಕನ್ನಡ ಊರುಗಳು ಮರೆಯಬಾರದು.

ಇಷ್ಟು ಹೇಳಿದ ಮೇಲೆ ಒಂದು ಎಲ್ಲೆಯನ್ನೂ ಹೇಳಬೇಕು. ಹೊಲದ ಪಾಠವೆಂದರೆ ಹೊಲದ ದುಡಿಮೆಯಲ್ಲ. ೧೯೩೭ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರು ಕೈಕೆಲಸದ ಮೂಲಕ ಶಿಕ್ಷಣವೆಂಬ ವಿಚಾರವನ್ನು ದೇಶದ ಮುಂದೆ ಇಟ್ಟರು. ವಿಚಾರ ದೊಡ್ಡದು. ಆದರೆ ಕೆಲಸವಷ್ಟೇ ಉಳಿದು ಅದರೊಳಗಿನ ಪಾಠ ಬಿಟ್ಟುಹೋದರೆ ಅದು ಬರಿ ಬೇಸರವಾದೀತು. ಮಕ್ಕಳಿಂದ ಶಾಲೆಯ ತೋಟಕ್ಕೆ ನೀರು ಹೊರಿಸುವುದು, ಗುರುಗಳ ಹೊಲದಲ್ಲಿ ಕಸ ತೆಗೆಸುವುದು ಶಿಕ್ಷಣವಲ್ಲ. ಎಣಿಸುವುದು, ಅಳೆಯುವುದು, ಬರೆಯುವುದು, ಏಕೆಂದು ಕೇಳುವುದು ಇದ್ದರೆ ಮಾತ್ರ ಅದು ಪಾಠ. ನಾವು ಇದನ್ನು ಮೀರಿದರೆ ಪಾಲಕರು ನಮ್ಮನ್ನು ಧಾರಾಳವಾಗಿ ಕೇಳಲಿ.

ಈಗ ನಮ್ಮ ಮನಸ್ಸಿನಲ್ಲಿರುವ ದೊಡ್ಡ ಚಿಂತೆಯನ್ನು ಹೇಳುವೆವು. ಹಿಂಗಾರಿ ಬಿತ್ತಿಗೆ ಮುಗಿದು ದೀಪಾವಳಿ ಬಂತೆಂದರೆ ಮುಕಾದಮರ ಟ್ರ್ಯಾಕ್ಟರುಗಳು ಊರಿಗೆ ಬರುತ್ತವೆ. ಉಚಲ ತೆಗೆದುಕೊಂಡ ಗಂಡಹೆಂಡಿರು ಕಬ್ಬು ಕಡಿಯಲು ಸಾಂಗಲಿ, ಕೊಲ್ಲಾಪುರದ ಕಡೆ ಹೊರಡುತ್ತಾರೆ, ಜೊತೆಗೆ ಮಕ್ಕಳೂ. ಹದಿನೇಳರಲ್ಲಿ ನಾಲ್ಕು ಮಕ್ಕಳು ಹೀಗೆ ಹೋಗುವವರೇ. ಮಳೆಯ ಪುಸ್ತಕದ ಹುಡುಗನೂ ಅದರಲ್ಲಿ ಒಬ್ಬ. ನಾಲ್ಕೈದು ತಿಂಗಳು ಟೋಳಿಯಲ್ಲಿದ್ದು ತಮ್ಮ ತಂಗಿಯರನ್ನು ಆಡಿಸಿ, ದನಕ್ಕೆ ಸೋಗೆ ಹಾಕಿ ಮರಳಿ ಬರುವ ಹೊತ್ತಿಗೆ ವರ್ಷದ ಪಾಠ ಮುಗಿದಿರುತ್ತದೆ. ವಲಸೆ ಹೋಗುವ ಮಕ್ಕಳಿಗೆ ಶಿಕ್ಷಣ ಹಮಿ ಕಾರ್ಡು ಕೊಡುವ ಪದ್ಧತಿ ಬಂದಿದೆ. ಅದನ್ನು ತೋರಿಸಿ ಹೋದ ಊರಿನ ಶಾಲೆಯಲ್ಲಿ ಕೂಡಬಹುದು. ಆದರೆ ಅಲ್ಲಿಯ ಪಾಠ ಮರಾಠಿಯಲ್ಲಿ. ಕನ್ನಡದಲ್ಲಿ ಭಾಗಾಕಾರದ ನಡುವೆ ಎದ್ದುಹೋದ ಮಗು ಅಲ್ಲಿ ಹಿಂದಿನ ಸಾಲಿನಲ್ಲಿ ಬಾಯಿ ಮುಚ್ಚಿ ಕೂಡಬೇಕಾಗುತ್ತದೆ.

ಸಾಲ ಇರುವವರಿಗೆ ಉಪದೇಶ ಹೇಳಲು ನಮಗೆ ಬಾಯಿ ಬಾರದು. ಹೊಟ್ಟೆಯ ಸಲುವಾಗಿ ಹೋಗುವವರು ಹೋಗಲಿ. ಮಗುವನ್ನು ಊರು ಇಟ್ಟುಕೊಳ್ಳಲಿ ಎಂಬುದಷ್ಟೇ ನಮ್ಮ ಮಾತು. ಮಧ್ಯಾಹ್ನದ ಊಟ ಶಾಲೆಯಲ್ಲಿದೆ. ಅಜ್ಜಿಯಿರುವ ಮನೆಯಲ್ಲಿ ಮಲಗುವ ವ್ಯವಸ್ಥೆಯಾದರೆ, ರಾತ್ರಿಯ ರೊಟ್ಟಿಗೆ ನಾಲ್ಕು ಮನೆಯವರು ವಾರಕ್ಕೊಂದು ಪಾಳಿ ಹಿಡಿಯಬಹುದು. ಹಂಗಾಮಿ ವಸತಿಗೃಹವೆಂಬ ಸರಕಾರದ ಏರ್ಪಾಡೂ ಮಹಾರಾಷ್ಟ್ರದಲ್ಲಿ ಬಂದಿದೆ. ಅದಕ್ಕೆ ಶಾಲಾ ವ್ಯವಸ್ಥಾಪನ ಸಮಿತಿಯವರು ಹೋಗುವ ಮಕ್ಕಳ ಹೆಸರು ಬರೆದು, ಟೋಳಿ ಹೊರಡುವ ಮುಂಚೆಯೇ ಗಟ ಶಿಕ್ಷಣಾಧಿಕಾರಿಗಳ ಕಚೇರಿಗೆ ಬೇಡಿಕೆ ಸಲ್ಲಿಸಬೇಕು. ಟ್ರ್ಯಾಕ್ಟರು ಹೋದ ಮೇಲೆ ಅರ್ಜಿ ಬರೆದರೆ ಹದ ಹೋದ ಮೇಲೆ ಕೂರಿಗೆ ಹೂಡಿದಂತೆ.

ಉತ್ತರೆ ನಡೆದಿದೆ; ಹಸ್ತೆ, ಚಿತ್ತೆ ಮುಂದಿವೆ. ಬಿತ್ತುವ ಮುಂಚೆ ನಿಮ್ಮ ಬೀಜದ ನೂರು ಕಾಳನ್ನು ಮಗುವಿನ ಕೈಯಲ್ಲಿ ಶಾಲೆಗೆ ಕಳಿಸಿರಿ. ಐದು ದಿನಕ್ಕೆ ಲೆಕ್ಕ ಬರೆದುಕೊಂಡು ಬರುತ್ತದೆ. ದೀಪಾವಳಿಗೆ ಇನ್ನೂ ವೇಳೆಯಿದೆ. ಅಷ್ಟರೊಳಗೆ ಪ್ರತಿ ಊರಿನ ಹಿರಿಯರು ಒಂದು ಸಂಜೆ ಕೂಡಿ, ಯಾವ ಮಗು ಯಾರ ಮನೆಯಲ್ಲಿ ಉಳಿಯುತ್ತದೆಂದು ಗೊತ್ತುಮಾಡಲಿ. ಸ್ವಾತಿಯ ಮಳೆ ಬಿದ್ದ ದಿನ ಡಬ್ಬಿಯಲ್ಲಿ ಪಟ್ಟಿ ಇಳಿಸಲು ಆ ಹುಡುಗ ಊರಲ್ಲಿರಬೇಕು.