ಹುಲಿ ಗ್ಯಾರಂಟಿ ಅಂತ ಯಾರಿಗೂ ಹೇಳ್ಬೇಡಿ, ಲೆಕ್ಕ ಹೇಳಿ

ಸ್ನೇಹಿತರೇ, ಇವತ್ತು ಹೊಲದ ವಿಷಯ ಅಲ್ಲ, ಹೊಲದ ಪಕ್ಕದ ರಸ್ತೇಲಿ ಓಡಾಡೋ ಗಾಡಿಗಳ ವಿಷಯ. ಸ್ವಲ್ಪ ಉದ್ದ ಆಯ್ತದೆ, ಪುರುಸೊತ್ತಿದ್ದಾಗ ಓದಿ.

ನಮ್ಮ ಕಡೆ ಹುಡುಗ ಒಬ್ಬ ಜರ್ಮನಿಯಲ್ಲಿ ಕೆಲಸದಲ್ಲಿದ್ದಾನೆ. ಅವನ ಜೊತೆ ಕೆಲಸ ಮಾಡೋ ನಾಲ್ಕು ಜನ ಮೊದಲನೇ ಸಲ ಬಿಸಿ ದೇಶದ ಕಾಡು ನೋಡಬೇಕು ಅಂತ ಹೊರಟಿದ್ದಾರಂತೆ. "ದೊಡ್ಡಪ್ಪ, ಕಬಿನಿಗೆ ಕರ್ಕೊಂಡು ಬರ್ತೀನಿ. ಎಷ್ಟು ದಿನ ಬೇಕು, ದುಡ್ಡು ಹೆಂಗೆ ಹಂಚ್ಕೋಬೇಕು, ಗೈಡ್ ಬೇಕಾ ಬೇಡವಾ ಹೇಳು" ಅಂದ. ಇಂಥ ಫೋನು ನನಗೊಬ್ಬನಿಗೇ ಬರೋದಲ್ಲ. ಕೋಟೆ, ಸರಗೂರು ಕಡೆ ಮನೆ ಇರೋರಿಗೆಲ್ಲ ಬೆಂಗಳೂರಿನ ನೆಂಟರೋ ಮಗನ ಸ್ನೇಹಿತರೋ ಕೇಳ್ತಾನೇ ಇರ್ತಾರೆ. ನಮ್ಮಲ್ಲಿ ಬಹಳ ಜನ ಕೊಡೋ ಉತ್ತರ ಒಂದೇ: "ಬನ್ನಿ, ಹುಲಿ ಗ್ಯಾರಂಟಿ." ಇನ್ನು ಕೆಲವರದ್ದು: "ನಮ್ಮ ಬೆಳೆ ತಿನ್ನೋ ಆನೆ ನೋಡೋಕೆ ದುಡ್ಡು ಕೊಟ್ಟು ಯಾಕೆ ಬತ್ತೀರಿ?" ಎರಡೂ ಉತ್ತರದಿಂದ ನಮಗೇ ನಷ್ಟ ಅನ್ನೋದು ನನ್ನ ಅಭಿಪ್ರಾಯ. ಬರೋರಿಗೆ ನಾವೇ ಸರಿಯಾದ ಲೆಕ್ಕ ಹೇಳಬೇಕು. ಯಾಕೆ, ಏನು ಲೆಕ್ಕ ಅಂತ ಒಂದೊಂದಾಗಿ ಬರೀತೀನಿ.

ಮೊದಲು ಕಾಲ. ಆ ದೇಶದವರಿಗೆ ಬೇಸಿಗೆ ರಜ ಬರೋದು ಜುಲೈ, ಆಗಸ್ಟ್‌ನಲ್ಲಿ. ಆಗ ನಮ್ಮಲ್ಲಿ ವಯನಾಡಿನ ಮಳೆ ನೀರು ಬಂದು ಕಬಿನಿ ತುಂಬೋ ಹೊತ್ತು. ಕಾಡೆಲ್ಲ ಹಸಿರು, ಎಲ್ಲ ಹಳ್ಳದಲ್ಲೂ ನೀರು, ಪ್ರಾಣಿಗೆ ಒಂದು ಕಡೆ ಬರೋ ಅಗತ್ಯವೇ ಇಲ್ಲ. ಲಂಟಾನ ಪೊದೆ ಹಿಂದೆ ಆನೆ ನಿಂತಿದ್ದರೂ ಕಾಣಲ್ಲ. ಕಾಡು ನೋಡೋಕೆ ಚೆನ್ನ, ಪ್ರಾಣಿ ನೋಡೋಕೆ ಕಷ್ಟ. ಫೆಬ್ರವರಿಯಿಂದ ಮೇ ತನಕ ಲೆಕ್ಕ ಬೇರೆ. ಎಲೆ ಉದುರಿರ್ತದೆ, ಹಳ್ಳ ಒಣಗಿರ್ತದೆ, ಡ್ಯಾಮಿನ ನೀರು ಹಿಂದಕ್ಕೆ ಸರಿದು ಬಯಲಾದ ಜಾಗದಲ್ಲಿ ಹುಲ್ಲು ಬಂದಿರ್ತದೆ. ಆನೆ, ಕಾಟಿ, ಜಿಂಕೆ ಎಲ್ಲ ಅಲ್ಲಿಗೇ ಇಳೀತವೆ. 1974ರಲ್ಲಿ ಡ್ಯಾಮ್ ಆದ ಮೇಲೆ ಹಿನ್ನೀರಿಂದ ಹುಟ್ಟಿದ ಬಯಲು ಇದು. ಆದರೆ ಏಪ್ರಿಲ್ ಬಿಸಿಲು ಅವರಿಗೆ ತಡೆಯಲ್ಲ ಅನ್ನೋದನ್ನೂ ಹೇಳಿ. ಚಳಿ ದೇಶದವರು ಮೊದಲ ಸಲ ಬರೋದಾದರೆ ಫೆಬ್ರವರಿ ಕೊನೆ, ಮಾರ್ಚ್ ಮೊದಲು ಒಳ್ಳೇದು ಅಂತ ನಾನು ಹೇಳೋದು.

ಎರಡನೇದು ದಿನ. ಇವರ ಪಟ್ಟಿ ನೋಡಿದರೆ ನಗು ಬತ್ತದೆ. ಒಂದು ದಿನ ಬಂಡೀಪುರ, ಒಂದು ದಿನ ಮುದುಮಲೈ, ಒಂದು ದಿನ ವಯನಾಡು, ಒಂದು ದಿನ ನಾಗರಹೊಳೆ. ನಾಲ್ಕೂ ಒಂದೇ ಕಾಡು ಕಣ್ರಪ್ಪಾ! ಗಡಿ ಇರೋದು ನಮಗೆ, ಆನೆಗಲ್ಲ. ನಾಲ್ಕು ಕಡೆ ನಾಲ್ಕು ರೂಮು, ನಾಲ್ಕು ಸಲ ಟ್ಯಾಕ್ಸಿ, ಅದರ ಮೇಲೆ ರಸ್ತೆ ಬಂದ್ ಲೆಕ್ಕ. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗೋ ಹೈವೇ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಮುಚ್ಚಿರ್ತದೆ. ನಮ್ಮ ಬಾವಲಿ ರಸ್ತೆ ಸಂಜೆ 6ಕ್ಕೇ ಮುಚ್ತಾರೆ. ಗೊತ್ತಿಲ್ಲದೆ ಬಂದೋರು ಗೇಟಿನ ಮುಂದೆ ನಿಂತ್ಕೊಂಡು ನಮ್ಮನ್ನೇ ಬೈತಾರೆ. ಅದಕ್ಕೆ ಒಂದೇ ಜಾಗದಲ್ಲಿ ಮೂರು ರಾತ್ರಿ ಇರಿ ಅನ್ನಿ. ವಿಮಾನ ಇಳಿದ ದಿನ ಸಫಾರಿ ಇಟ್ಕೋಬೇಡಿ ಅನ್ನಿ. ಮೊದಲ ದಿನ ಮೈಸೂರಲ್ಲಿ ಸುಧಾರಿಸಿಕೊಂಡು, ಶ್ರೀರಂಗಪಟ್ಟಣದ ಹತ್ತಿರ ರಂಗನತಿಟ್ಟಲ್ಲಿ ದೋಣಿ ಹತ್ತಲಿ. 1940ರಲ್ಲೇ ಪಕ್ಷಿಧಾಮ ಮಾಡಿದ ಜಾಗ ಅದು. ಕೊಕ್ಕರೆ, ಹೆಜ್ಜಾರ್ಲೆ, ಬಂಡೆ ಮೇಲೆ ಬಾಯಿ ತೆಗೆದು ಮಲಗಿರೋ ಮೊಸಳೆ ಎಲ್ಲ ಹತ್ತಿರದಿಂದ ಕಾಣ್ತವೆ. ಮೊದಲ ದಿನವೇ ಏನಾದರೂ ಚೆನ್ನಾಗಿ ಕಂಡರೆ ಮನುಷ್ಯನಿಗೆ ಸಮಾಧಾನ ಬತ್ತದೆ, ಮಾರನೇ ದಿನ ಜೀಪಲ್ಲಿ ಕೂತು ಡ್ರೈವರ್ ಜೀವ ತಿನ್ನಲ್ಲ.

ಮೂರನೇದು ಹುಲಿ. 2022ರ ಗಣತಿ ಪ್ರಕಾರ ಕರ್ನಾಟಕದಲ್ಲಿ 563 ಹುಲಿ, ಅದರಲ್ಲಿ ನಾಗರಹೊಳೆಯಲ್ಲೇ 141. ಕೇಳೋಕೆ ಬಹಳ ಅನ್ನಿಸ್ತದೆ. ಆದರೆ ನಾಗರಹೊಳೆ ಪಾರ್ಕು 643 ಚದರ ಕಿಲೋಮೀಟರ್. ಅದರಲ್ಲಿ ಸಫಾರಿಗೆ ಬಿಡೋದು ಸ್ವಲ್ಪವೇ. ಕೋರ್ ಕಾಡಿನ ಶೇ. 20 ಮೀರಿ ಪ್ರವಾಸಕ್ಕೆ ಬಿಡಬಾರದು ಅಂತ 2012ರಲ್ಲೇ ಮಾರ್ಗಸೂಚಿ ಆಗಿದೆ. ಮೂರು ಸಫಾರಿ ಮಾಡಿ ಹುಲಿ ನೋಡದೆ ಹೋದೋರೂ ಇದ್ದಾರೆ, ಮೊದಲ ಹತ್ತು ನಿಮಿಷದಲ್ಲಿ ನೋಡಿದೋರೂ ಇದ್ದಾರೆ. ಗ್ಯಾರಂಟಿ ಅಂತ ಹೇಳಿ ಕರೆಸಿದರೆ ಅವರು ಗಾಡಿ ಹತ್ತಿದ ಕ್ಷಣದಿಂದ "ಹುಲಿ ಎಲ್ಲಿ, ಹುಲಿ ಎಲ್ಲಿ" ಅಂತಾರೆ. ಡ್ರೈವರ್ ಏನು ಮಾಡ್ತಾನೆ? ಆನೆ ಕಂಡರೂ ನಿಲ್ಲಿಸಲ್ಲ, ಎಲ್ಲಿ ನಾಲ್ಕು ಗಾಡಿ ನಿಂತಿವೆಯೋ ಅಲ್ಲಿಗೇ ನುಗ್ಗಿಸ್ತಾನೆ.

ಇಲ್ಲಿಗೇ ನಮ್ಮ ವಿಷಯ ಬರೋದು. 2025ರ ನವೆಂಬರ್‌ನಲ್ಲಿ, ನಮ್ಮ ಸರಗೂರು ಕಡೆ ಹುಲಿ ಬಾಯಿಗೆ ಸಿಕ್ಕಿ ರೈತರು ಸತ್ತ ಮೇಲೆ, ಸರ್ಕಾರ ಬಂಡೀಪುರ, ನಾಗರಹೊಳೆ ಎರಡೂ ಕಡೆ ಸಫಾರಿ ನಿಲ್ಲಿಸ್ತು. ಆವಾಗ ನಮ್ಮಲ್ಲೇ ಎರಡು ಗುಂಪು. ಸಫಾರಿ ಗಾಡಿ ಕಾಟಕ್ಕೇ ಹುಲಿ ಹೊಲಕ್ಕೆ ಬತ್ತದೆ ಅಂತ ಒಂದು. ಗಾಡಿಗೂ ಅದಕ್ಕೂ ಸಂಬಂಧ ಇಲ್ಲ, ಹುಲಿ ಜಾಸ್ತಿ ಆಗಿವೆ, ಮುದಿ ಹುಲಿ ಗಾಯದ ಹುಲಿ ಹೊರಗೆ ಬೀಳ್ತವೆ ಅಂತ ಇನ್ನೊಂದು. ಆ ಜಗಳ ಇಲ್ಲಿ ತೀರಿಸೋಕೆ ಹೋಗಲ್ಲ. ನಾನು ಹೇಳೋದು ಇಷ್ಟೇ: ಯಾವ ಗುಂಪಿನವರೇ ಆಗಿರಲಿ, ಹುಲಿ ಹಿಂದೆ ಗಾಡಿ ಓಡಿಸೋ ಪ್ರವಾಸದಿಂದ ರೈತನಿಗೆ ನಯಾಪೈಸೆ ಲಾಭ ಇಲ್ಲ. ಬಂದೋನು ಹುಲಿ ಫೋಟೋ ತಗೊಂಡು ಹೋಗ್ತಾನೆ. ಕಾಡಂಚಲ್ಲಿ ರಾತ್ರಿಯೆಲ್ಲ ಅಟ್ಟಣೆ ಮೇಲೆ ಕೂತು ರಾಗಿ ಕಾಯೋ ಜನ ಇದ್ದಾರೆ ಅನ್ನೋದು ಅವನಿಗೆ ಗೊತ್ತೇ ಆಗಲ್ಲ.

ಇನ್ನೊಂದು ಮಾತು. ಸಫಾರಿ ಯಾವಾಗ ಬೇಕಾದರೂ ನಿಲ್ಲಬಹುದು ಅಂತ ಆಗಲೇ ಗೊತ್ತಾಯ್ತಲ್ಲ. ದುಡ್ಡು ಕಟ್ಟೋ ಮುಂಚೆ ಮೂರು ಪ್ರಶ್ನೆ ಕೇಳಿ ಅಂತ ಬರೋರಿಗೆ ಹೇಳಿ. ಸಫಾರಿ ಈಗ ನಡೀತಾ ಇದೆಯಾ? ನಿಂತರೆ ದುಡ್ಡು ವಾಪಸ್ ಎಷ್ಟು? ರೂಮಿನ ರೇಟಲ್ಲಿ ಸಫಾರಿ, ಪ್ರವೇಶ ಶುಲ್ಕ, ಕ್ಯಾಮೆರಾ ಶುಲ್ಕ, ತೆರಿಗೆ ಸೇರಿದೆಯಾ? ವಿದೇಶದವರಿಗೆ ಪ್ರವೇಶ ಶುಲ್ಕ ನಮಗಿಂತ ಜಾಸ್ತಿ, ದೊಡ್ಡ ಲೆನ್ಸಿಗೆ ಬೇರೆ ಕಟ್ಟಬೇಕು. ಇದೆಲ್ಲ ಬರವಣಿಗೇಲಿ ತಗೋಬೇಕು. ಗೇಟಲ್ಲಿ ನಿಂತು ವಾದ ಮಾಡೋ ಹಂಗೆ ಆಗಬಾರದು.

ಈಗ ದುಡ್ಡು. ರೇಟು ವರ್ಷ ವರ್ಷ ಬದಲಾಗ್ತದೆ, ಅದಕ್ಕೆ ನಾನು ಪಾಲಿನ ಲೆಕ್ಕ ಹೇಳ್ತೀನಿ. ವಿಮಾನದ ಟಿಕೆಟ್ ಬಿಟ್ಟು ಉಳಿದದ್ದನ್ನ ಹತ್ತು ಪಾಲು ಮಾಡಿ. ನಾಲ್ಕು ಪಾಲು ಊಟ, ವಸತಿ. ಮೂರು ಪಾಲು ಸಫಾರಿ. ಒಂದು ಪಾಲು ಓಡಾಟ. ಒಂದು ಪಾಲು ಗೈಡಿಗೆ, ಊರೊಳಗೆ ನಡೆಯೋದಕ್ಕೆ, ಇನಾಮಿಗೆ. ಇನ್ನೊಂದು ಪಾಲು ಮುಟ್ಟಲೇಬಾರದು, ಜ್ವರ ಬಂದರೆ, ಗಾಡಿ ಕೆಟ್ಟರೆ ಅದು. ಈಗ ಬರೋರು ಏನು ಮಾಡ್ತಾರೆ ಅಂದರೆ ಏಳೆಂಟು ಪಾಲು ರೂಮಿಗೇ ಸುರೀತಾರೆ. ಈಜುಕೊಳ ಇರೋ ರೂಮಲ್ಲಿ ಮಲಗೋಕೆ ಇಷ್ಟು ದೂರ ಬರಬೇಕಾ? ರೂಮು ಸಾದಾ ಇರಲಿ, ಸಫಾರಿ ಒಂದು ಜಾಸ್ತಿ ಆಗಲಿ. ಒಂದು ಬೆಳಿಗ್ಗೆ, ಒಂದು ಮಧ್ಯಾಹ್ನದ ಮೇಲೆ, ಇನ್ನೊಂದು ಹಿನ್ನೀರಲ್ಲಿ ದೋಣಿ. ದುಡ್ಡು ಕಮ್ಮಿ ಇದ್ದರೆ ಇಲಾಖೆ ಬಸ್ಸಲ್ಲೂ ಹೋಗಬಹುದು. ಜೀಪಿಗೆ ಕಾಣೋ ಆನೆ ಬಸ್ಸಿಗೂ ಕಾಣ್ತದೆ.

ಗೈಡ್ ಬೇಕಾ ಅಂದರೆ ಬೇಕೇ ಬೇಕು. ಹೊಸಬನಿಗೆ ಕಾಡು ಅಂದರೆ ಮರ ಅಷ್ಟೇ. ಕಿವಿ ಇರೋನು ಜೊತೇಲಿದ್ದರೆ ಬೇರೆ. ಮುಸುವ ಮರದ ಮೇಲಿಂದ ಕೆಮ್ಮಿದ ಹಂಗೆ ಕೂಗಿದರೆ ಏನು, ಜಿಂಕೆ ಕೂಗಿದರೆ ಏನು, ಕಡವೆ ನಿಂತ ಕಡೆಯೇ ಕಾಲು ಬಡಿದು ಕೂಗಿದರೆ ಏನು ಅಂತ ಅವನು ಹೇಳ್ತಾನೆ. ಜಿಂಕೆ ಸುಮ್ಮಸುಮ್ಮನೆಯೂ ಬೆದರ್ತದೆ, ಕಡವೆ ಹಂಗಲ್ಲ. ಇದನ್ನ ನಮ್ಮ ಹಾಡಿಗಳ ಜೇನುಕುರುಬರ, ಬೆಟ್ಟಕುರುಬರ ಹುಡುಗರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಕಾಡಿಂದ ಹೊರಗೆ ಬಂದ ಮೇಲೂ ಆ ಕಿವಿ, ಆ ಕಣ್ಣು ಎಲ್ಲೂ ಹೋಗಿಲ್ಲ. ಆದರೆ ಆ ಹುಡುಗರಲ್ಲಿ ಎಷ್ಟೋ ಜನ ಕೊಡಗಿಗೆ ಕಾಫಿ ತೋಟದ ಕೂಲಿಗೆ ಹೋಗ್ತಾರೆ. ಬರೋರು ರೂಮ್ ಬುಕ್ ಮಾಡುವಾಗ "ನಿಮ್ಮ ಗೈಡ್ ಯಾವ ಊರಿನವನು? ಅವನಿಗೆ ಕೊಡೋದು ಅವನ ಕೈಗೇ ಸೇರ್ತದಾ?" ಅಂತ ಕೇಳಲಿ. ಹತ್ತು ಜನ ಕೇಳಿದರೆ ಸಾಕು, ಹನ್ನೊಂದನೇ ಸಲಕ್ಕೆ ರೆಸಾರ್ಟಿನವರು ಊರ ಹುಡುಗನನ್ನ ಹುಡುಕ್ತಾರೆ.

ನಮ್ಮ ಪಾಲಿನ ಕೆಲಸವೂ ಇದೆ. ಹೋಂಸ್ಟೇ ಮಾಡೋರು, ನಾಳೆ ಮಾಡಬೇಕು ಅಂತಿರೋರು ಕೇಳಿ. ರಾತ್ರಿ ಟಾರ್ಚ್ ಹಿಡ್ಕೊಂಡು ರಸ್ತೇಲಿ "ನೈಟ್ ಸಫಾರಿ" ಅಂತ ಕರ್ಕೊಂಡು ಹೋಗೋದು ಅಪರಾಧ. ಕೇಸಾದರೆ ಸಿಕ್ಕಿಬೀಳೋದು ನಾವು, ಅತಿಥಿ ಬೆಂಗಳೂರಲ್ಲಿರ್ತಾನೆ. ಕಾಡೊಳಗೆ ನಡೆಸ್ಕೊಂಡು ಹೋಗೋದೂ ಅಷ್ಟೇ. ವಿದೇಶದವರನ್ನ ಮನೇಲಿ ಉಳಿಸ್ಕೊಂಡರೆ 24 ಗಂಟೆಯೊಳಗೆ ಅವರ ವಿವರ ಆನ್‌ಲೈನಲ್ಲಿ ತುಂಬಲೇಬೇಕು. ಮರೀಬೇಡಿ. ತೋರಿಸೋಕೆ ನಮ್ಮ ಹತ್ತಿರ ಏನೂ ಇಲ್ಲ ಅಂದ್ಕೋಬೇಡಿ. ಬೆಳಗಾದ ಮೇಲೆ ಕೆರೆ ಏರಿ ಮೇಲೆ ನಡೆಸಿ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರೋ ಪಟ್ಟೆತಲೆ ಹೆಬ್ಬಾತು ನಂಜನಗೂಡು ಕಡೆ ಹದಿನಾರು ಕೆರೆಗೆ ಬತ್ತದೆ, ಅಲ್ಲಿಗೆ ಜನ ಕ್ಯಾಮೆರಾ ಹೊತ್ಕೊಂಡು ಹೋಗ್ತಾರೆ. ನಮ್ಮ ಕೆರೆಗಳೇನೂ ಬಡವಲ್ಲ. ಆಮೇಲೆ ಹೊಲ ತೋರಿಸಿ. ಆನೆ ಕಂದಕ, ಸೋಲಾರ್ ಬೇಲಿ, ರೈಲ್ವೆ ಕಂಬಿ ಬೇಲಿ, ಅದನ್ನೂ ದಾಟಿ ಆನೆ ತುಳಿದ ಸಾಲು, ಪರಿಹಾರಕ್ಕೆ ಬರೆದ ಅರ್ಜಿ, ಎಲ್ಲ ತೋರಿಸಿ. ಮಧ್ಯಾಹ್ನ ಮುದ್ದೆ, ಅವರೆಕಾಳು ಸಾರು ಹಾಕಿ. ಅದಕ್ಕೆ ದುಡ್ಡು ತಗೊಳ್ಳಿ, ನಾಚ್ಕೋಬೇಡಿ. ಧರ್ಮಕ್ಕೆ ತೋರಿಸಿದ್ದನ್ನ ಯಾರೂ ಗೌರವಿಸಲ್ಲ.

"ಈ ಜನ ಬರೋದೇ ಬೇಡ, ಸಫಾರಿ ಪೂರ್ತಿ ನಿಲ್ಲಲಿ" ಅನ್ನೋ ಅಣ್ಣಂದಿರ ಸಿಟ್ಟು ನನಗೂ ಅರ್ಥ ಆಯ್ತದೆ. ಮನೇಲಿ ಸಾವಾದೋರಿಗೆ ಪ್ರವಾಸದ ಲೆಕ್ಕ ಹೇಳೋಕೆ ಯಾರಿಗೂ ಬಾಯಿ ಬರಲ್ಲ. ಆದರೆ ಸಫಾರಿ ನಿಂತಾಗಲೂ ಆನೆ ಬಂತು, ಹುಲಿ ಬಂತು. ಕಾಡಂತೂ ಇಲ್ಲೇ ಇರ್ತದೆ, ನಾವೂ ಇಲ್ಲೇ ಇರ್ತೀವಿ. ಆ ಕಾಡಿಗೆ ಹೊರಗಿನ ಜನರ ಪ್ರೀತಿ, ದುಡ್ಡು, ಮಾತಿನ ಬಲ ಎಲ್ಲ ಇದೆ. ಅದರಲ್ಲಿ ನಮ್ಮ ಪಾಲು ಇಲ್ಲ. ಕಾಡು ನೋಡೋಕೆ ಬಂದೋನು ಒಂದು ಹೊತ್ತು ನಮ್ಮ ಜಗುಲಿ ಮೇಲೆ ಕೂತು ಹೋದರೆ, ಮುಂದೆ ಬೇಲಿ ಬೇಕು, ಪರಿಹಾರ ಬೇಗ ಬೇಕು ಅಂತ ನಾವು ಕೂಗಿದಾಗ "ಹೌದು, ನಾನು ನೋಡಿದೀನಿ" ಅನ್ನೋಕೆ ಹೊರಗೆ ಒಬ್ಬ ಇರ್ತಾನೆ.

ಕೊನೇದಾಗಿ ಒಂದು ಕೆಲಸದ ಮಾತು. ಮುಂದಿನ ಗ್ರಾಮಸಭೇಲಿ ಇದನ್ನ ಎತ್ತೋಣ. ಊರೊಳಗೆ ನಡೆಸೋ ಗೈಡಿಗೆ ಅರ್ಧ ದಿನಕ್ಕೆ ಇಷ್ಟು, ಮನೆ ಊಟಕ್ಕೆ ಇಷ್ಟು ಅಂತ ಒಂದೇ ರೇಟು ಮಾಡಿ ಪಂಚಾಯ್ತಿ ಮುಂದೆ ಬೋರ್ಡು ಹಾಕೋಣ. ಹಾಡಿ ಹುಡುಗರ ಹೆಸರು ಮೊದಲು ಬರೆಯೋಣ. ಕಮಿಷನ್ ಬೇಡ, ಕಿತ್ತಾಟ ಬೇಡ. ಬೋರ್ಡಿನ ಕೆಳಗೆ ದೊಡ್ಡಕ್ಷರದಲ್ಲಿ ಇನ್ನೊಂದು ಸಾಲು ಇರಲಿ: ಇಲ್ಲಿ ಹುಲಿ ಗ್ಯಾರಂಟಿ ಕೊಡುವುದಿಲ್ಲ. ನಿಮ್ಮ ಊರಲ್ಲಿ ಗ್ರಾಮಸಭೆ ಯಾವತ್ತು ಅಂತ ಕೆಳಗೆ ಬರೀರಿ. ಹತ್ತಿರ ಇದ್ದರೆ ನಾನೂ ಬತ್ತೀನಿ.